ಹಳೆಯ ಮನೆಯ ನೆಲ ಕೀಳುವ ಮುನ್ನ

ಅಡಿಕೆ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಮಲೆನಾಡಿನಲ್ಲಿ ಮನೆ ರಿಪೇರಿಯ ಕಾಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹೆಂಚಿನ ಮನೆಯಿರಲಿ, ಶಿವಮೊಗ್ಗ ಪೇಟೆಯೊಳಗಿನ ಐವತ್ತು ಅರವತ್ತು ವರ್ಷದ ತಾರಸಿ ಮನೆಯಿರಲಿ, ಮೇಸ್ತ್ರಿ ಒಳಗೆ ಕಾಲಿಟ್ಟೊಡನೆ ಹೇಳುವ ಮಾತು ಒಂದೇ: "ಈ ನೆಲವನ್ನೆಲ್ಲ ಕಿತ್ತು ಹಾಕೋಣ, ಹೊಸ ಟೈಲ್ಸ್ ಕೂರಿಸೋಣ." ಕೀಳುವ ಕೂಲಿ, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ಮತ್ತೆ ತಳ ಹಾಕಲು ಜಲ್ಲಿ ಸಿಮೆಂಟು ಎಂದು ಲೆಕ್ಕ ಹಾಕುತ್ತ ಹೋದರೆ ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಜೇಬು ಹಗುರಾಗಿರುತ್ತದೆ.

ಹಣ ಒಂದು ಕಡೆಯಾದರೆ, ಧೂಳು ಇನ್ನೊಂದು ಕಡೆ. ಹಳೆಯ ನೆಲಗಳಲ್ಲಿ ಬಹುಪಾಲು ತಮ್ಮ ಪಾಡಿಗೆ ಬಿದ್ದಿರುವವರೆಗೆ ಯಾರಿಗೂ ತೊಂದರೆ ಕೊಡುವುದಿಲ್ಲ. ಒಡೆದಾಗ, ಉಜ್ಜಿದಾಗ, ಸುಟ್ಟಾಗ ಅವುಗಳೊಳಗಿನ ವಿಷ ಹೊರಬರುತ್ತದೆ. ಕಡಿಮೆ ದುಡ್ಡಿನವರಿಗೆ ಇದು ಒಳ್ಳೆಯ ಸುದ್ದಿಯೇ. ಇಲ್ಲಿ ಅಗ್ಗದ ದಾರಿ ಮತ್ತು ಸುರಕ್ಷಿತ ದಾರಿ ಸಾಮಾನ್ಯವಾಗಿ ಒಂದೇ ಆಗಿರುತ್ತವೆ: ಕೀಳದೆ ಮುಚ್ಚುವುದು. ಆದರೆ ಯಾವುದನ್ನು ಮುಚ್ಚಬಹುದು, ಯಾವುದನ್ನು ತೆಗೆಯಲೇಬೇಕು ಎಂಬುದು ಗೊತ್ತಿರಬೇಕು.

ಕಾಲಡಿಯಲ್ಲಿ ಏನಿದೆ ಎಂದು ಮೊದಲು ನೋಡಿ

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದುಕೊಂಡು ಕೋಣೆಯಿಂದ ಕೋಣೆಗೆ ಹೋಗಿ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಉಪ್ಪರಿಗೆ, ಎಲ್ಲ ಕಡೆಯೂ ನೆಲ ಒಂದೇ ಆಗಿರುವುದಿಲ್ಲ. ಮೂರು ತಲೆಮಾರಿನವರು ಒಬ್ಬರ ಮೇಲೊಬ್ಬರು ಏನಾದರೊಂದು ಹಾಸಿರುತ್ತಾರೆ. ಬಾಗಿಲ ಸಂದಿಯಲ್ಲಿ, ಕಿತ್ತುಹೋದ ಮೂಲೆಯಲ್ಲಿ ಬಗ್ಗಿ ನೋಡಿದರೆ ಪದರಗಳು ಕಾಣುತ್ತವೆ. ಕೆಂಪು ನೆಲದ ಮೇಲೆ ಪ್ಲಾಸ್ಟಿಕ್ ಮ್ಯಾಟ್, ಅದರ ಮೇಲೆ ಇನ್ನೊಂದು ಮ್ಯಾಟ್ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ನಕ್ಷೆಯಲ್ಲಿ ಎಲ್ಲವನ್ನೂ ಗುರುತಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಈ ಹಂತದಲ್ಲಿ ಏನನ್ನೂ ಕೀಳಬೇಡಿ, ಕೆರೆಯಬೇಡಿ.

ಸಗಣಿ ಸಾರಿಸಿದ ಮಣ್ಣಿನ ನೆಲ, ಕಲ್ಲುಚಪ್ಪಡಿ ಹಾಸಿದ ನೆಲ ಇದ್ದರೆ ಅಲ್ಲಿ ಹೆಚ್ಚಿನ ಭಯವಿಲ್ಲ. ಎಚ್ಚರ ಬೇಕಾಗಿರುವುದು ಮೂರು ಕಡೆ: ಬಿಲ್ಲೆಬಿಲ್ಲೆಯಾಗಿ ಅಂಟಿಸಿದ ಹಳೆಯ ವಿನೈಲ್ ನೆಲ, ಗಟ್ಟಿ ಸಿಮೆಂಟಿನ ಕೆಂಪು ನೆಲ ಮತ್ತು ಮೊಸಾಯಿಕ್, ಹಾಗೂ ಉಪ್ಪರಿಗೆಯ ಮರದ ಹಲಗೆ.

ವಿನೈಲ್ ಬಿಲ್ಲೆ: ನೋಡಲು ಸಾಧು, ಮುರಿದರೆ ಕಷ್ಟ

ಹಳೆಯ ಕಚೇರಿ, ಕ್ಲಿನಿಕ್, ಕ್ವಾರ್ಟರ್ಸ್‌ಗಳಲ್ಲಿ ಮತ್ತು ಸ್ವಲ್ಪ ಅನುಕೂಲಸ್ಥರ ಪೇಟೆ ಮನೆಗಳಲ್ಲಿ ಇಂಥ ನೆಲ ಸಿಗುತ್ತದೆ. ಒಂಬತ್ತು ಅಥವಾ ಹನ್ನೆರಡು ಅಂಗುಲದ ಚೌಕ ಬಿಲ್ಲೆಗಳು, ದಪ್ಪ ಎರಡು ಮೂರು ಮಿಲಿಮೀಟರ್. ಮಾಸಿದ ಹಸಿರು, ಕಂದು ಅಥವಾ ಬೂದು ಬಣ್ಣದ ಮೇಲೆ ಬಿಳಿಯ ಗೀರುಗಳು ಎಳೆದಂತಿರುತ್ತವೆ. ಈಗಿನ ಮ್ಯಾಟ್ ಸುರುಳಿ ಸುತ್ತಿದರೆ ಸುತ್ತುತ್ತದೆ. ಈ ಬಿಲ್ಲೆ ಬಗ್ಗುವುದಿಲ್ಲ, ಹಪ್ಪಳದಂತೆ ಲಟಕ್ಕನೆ ಮುರಿಯುತ್ತದೆ. ಎಲ್ಲಿಯಾದರೂ ಎದ್ದುಹೋಗಿದ್ದರೆ ಕೆಳಗೆ ಡಾಂಬರಿನಂತಹ ಕಪ್ಪು ಅಂಟು ಕಾಣುತ್ತದೆ.

ಇಂಥ ಬಿಲ್ಲೆಗಳಿಗೆ ಗಟ್ಟಿತನ ಬರಲೆಂದು ಕಲ್ನಾರು, ಅಂದರೆ ಎಲ್ಲರ ಬಾಯಲ್ಲಿರುವ ಆಸ್ಬೆಸ್ಟಾಸ್, ಬೆರೆಸುತ್ತಿದ್ದರು. ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸವಲ್ಲ ಅದು. ಪಿವಿಸಿ ಆಸ್ಬೆಸ್ಟಾಸ್ ನೆಲದ ಬಿಲ್ಲೆಗಳಿಗೆಂದೇ ಐಎಸ್ 3461 ಎಂಬ ಭಾರತೀಯ ಮಾನಕವಿದೆ. ಕಪ್ಪು ಅಂಟಿನಲ್ಲಿಯೂ ಕಲ್ನಾರು ಇರಬಹುದು. ಐರೋಪ್ಯ ಒಕ್ಕೂಟ 2005ರಲ್ಲಿಯೇ ಕಲ್ನಾರನ್ನು ನಿಷೇಧಿಸಿತು; ನಮ್ಮಲ್ಲಿ ಬಿಳಿ ಕಲ್ನಾರಿನ ಬಳಕೆಗೆ ಇಂದಿಗೂ ಪೂರ್ತಿ ತಡೆಯಿಲ್ಲ, ಕೊಟ್ಟಿಗೆಯ ಮೇಲಿನ ಸಿಮೆಂಟ್ ಶೀಟೇ ಅದಕ್ಕೆ ಸಾಕ್ಷಿ. ನಾವು ದಿನವೂ ನೋಡುವ ವಸ್ತು ಎಂಬ ಕಾರಣಕ್ಕೇ ಅದರ ಭಯ ನಮಗೆ ಹೋಗಿಬಿಟ್ಟಿದೆ.

ಬಿಲ್ಲೆಯೊಳಗೆ ನಾರು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದರ ಮೇಲೆ ನಡೆದರೆ, ಕೂತರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಏನೂ ಆಗದು. ಗ್ರೈಂಡರ್ ಹಚ್ಚಿದಾಗ, ಒಣಗಿದ್ದಾಗಲೇ ಕೆರೆದಾಗ, ಪುಡಿಯಾದ ಚೂರುಗಳನ್ನು ಪೊರಕೆಯಿಂದ ಗುಡಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೇರುತ್ತವೆ. ಶ್ವಾಸಕೋಶಕ್ಕೆ ಇಳಿದ ಎಳೆ ಅಲ್ಲಿಯೇ ಉಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಮೀಸೊಥೆಲಿಯೋಮಾ ಎಂಬ ಪೊರೆಯ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯಬಹುದು. ಇಂದು ಕೆಮ್ಮು ಬರಲಿಲ್ಲ ಎಂಬುದು ಯಾವುದಕ್ಕೂ ಖಾತರಿಯಲ್ಲ.

ಬಿಲ್ಲೆಯಲ್ಲಿ ಕಲ್ನಾರು ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ಹೇಳಲಾಗದು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯಗಳ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಆಸ್ಬೆಸ್ಟಾಸ್ ಪರೀಕ್ಷೆ ಮಾಡುತ್ತೀರಾ, ಮಾದರಿಯನ್ನು ಕೊರಿಯರ್‌ನಲ್ಲಿ ಕಳುಹಿಸಬಹುದೇ, ಶುಲ್ಕವೆಷ್ಟು ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ಮಾದರಿಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚೂರು ಸಾಕು. ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಂಡು, ಈಗಾಗಲೇ ಸಡಿಲವಾಗಿರುವ ಮೂಲೆಯನ್ನು ಸೋಪಿನ ನೀರಿನಿಂದ ಚೆನ್ನಾಗಿ ನೆನೆಸಿ, ಒದ್ದೆಯಿರುವಾಗಲೇ ಇಕ್ಕಳದಿಂದ ಮುರಿದುಕೊಳ್ಳಿ. ಅಂಟಿನ ತುಣುಕೂ ಅದರೊಂದಿಗೆ ಬರಲಿ. ಎರಡು ಜಿಪ್ ಚೀಲಗಳಲ್ಲಿ, ಒಂದರೊಳಗೊಂದು ಹಾಕಿ, ಯಾವ ಕೋಣೆಯದು ಎಂದು ಮೇಲೆ ಬರೆಯಿರಿ. ಬೇರೆ ಬೇರೆ ಬಣ್ಣದ ಬಿಲ್ಲೆಯಿದ್ದರೆ ಬೇರೆ ಬೇರೆ ಮಾದರಿ ಬೇಕು. ಪರೀಕ್ಷೆಗೆ ದುಡ್ಡಿಲ್ಲ ಎನ್ನುವವರು ಕಲ್ನಾರು ಇದೆ ಎಂದೇ ಭಾವಿಸಿ ಮುಂದಿನ ಕೆಲಸ ಮಾಡಿ. ಮುಚ್ಚುವುದೇ ನಿಮ್ಮ ಯೋಜನೆಯಾಗಿದ್ದರೆ ಪರೀಕ್ಷೆಯ ಖರ್ಚನ್ನು ಉಳಿಸಿದರೂ ನಡೆಯುತ್ತದೆ.

ಮುಚ್ಚುವ ಕ್ರಮ

ಬಿಲ್ಲೆಗಳು ಹೆಚ್ಚುಕಡಿಮೆ ಗಟ್ಟಿಯಾಗಿ ಕೂತಿದ್ದರೆ ಕಥೆ ಸುಲಭ. ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಬಟ್ಟೆಯನ್ನು ತೊಳೆಯದೆ ಚೀಲಕ್ಕೆ ಹಾಕಿ. ಎದ್ದ ಬಿಲ್ಲೆಯನ್ನು ಮತ್ತೆ ಅಂಟಿಸಿ. ಒಂದೆರಡು ಮುರಿದು ಗುಂಡಿಯಾಗಿದ್ದರೆ ಆ ಜಾಗವನ್ನು ಒದ್ದೆ ಮಾಡಿ ಪಾಲಿಮರ್ ಬೆರೆಸಿದ ಸಿಮೆಂಟಿನಿಂದ ಮಟ್ಟ ಮಾಡಿ. ಒಣಗಿದ ಮೇಲೆ ಒಳ್ಳೆಯ ದಪ್ಪದ ಮ್ಯಾಟ್ ಅಥವಾ ಒಂದಕ್ಕೊಂದು ಸಿಕ್ಕಿಸಿ ಹಾಸುವ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ ಹಾಕಬಹುದು. ಮೊಳೆ, ಸ್ಕ್ರೂ ಯಾವುದೂ ಬೇಡ. ಡ್ರಿಲ್ ಹಾಕಿದ ಪ್ರತಿ ತೂತಿನಿಂದಲೂ ಪುಡಿ ಬರುತ್ತದೆ. ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಅಂಟಿಸಿ, ನೆಲಕ್ಕೆ ಹೊಡೆಯಬೇಡಿ.

ಟೈಲ್ಸೇ ಬೇಕು ಎನ್ನುವವರು ಹಳೆಯ ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎರಡು ಅಂಗುಲ ಕಾಂಕ್ರೀಟು ಹಾಕಿಸಿ ಟೈಲ್ಸ್ ಕೂರಿಸಬಹುದು. ಇದು ನೆಲ ಅಂತಸ್ತಿನಲ್ಲಿ, ಗಟ್ಟಿ ನೆಲದ ಮೇಲೆ ಮಾತ್ರ. ಮಹಡಿಯ ಮೇಲೆ ಅಷ್ಟು ಭಾರ ಹೇರುವ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಲೇಬೇಕು. ನೆಲ ಎತ್ತರವಾದರೆ ಬಾಗಿಲು ತಾಗುತ್ತದೆ. ನಮ್ಮ ಹಳೆಯ ಮನೆಗಳ ಹೊಸ್ತಿಲು ಎಡವಿ ಬೀಳುವಷ್ಟು ಎತ್ತರ, ಅದೊಂದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಆದರೆ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಅರ್ಧ ಹೂಳಬಹುದೇ ಎಂದು ಮನೆಯ ಹಿರಿಯರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಕಾಂಕ್ರೀಟು ಹಾಕಿದ ಮೇಲೆ ಕೇಳಿದರೆ ಉತ್ತರ ಜೋರಾಗಿರುತ್ತದೆ.

ತೆಗೆಯಲೇಬೇಕು ಎಂದಾದರೆ

ನೀರು ನುಗ್ಗಿ ಬಿಲ್ಲೆಗಳೆಲ್ಲ ಎದ್ದು ಪುಡಿಯಾಗುತ್ತಿದ್ದರೆ ಮುಚ್ಚಿ ಪ್ರಯೋಜನವಿಲ್ಲ. ಇಂಥ ಕೆಲಸದಲ್ಲಿ ಪಳಗಿದ ಗುತ್ತಿಗೆದಾರ ಸಿಕ್ಕರೆ ಅವರಿಗೇ ಒಪ್ಪಿಸಿ. ಸಿಗದೆ, ಒಂದು ಸಣ್ಣ ಕೋಣೆಯ ಮಟ್ಟಿಗೆ ನೀವೇ ನಿಂತು ಮಾಡಿಸಬೇಕಾದಾಗ ಈ ಕ್ರಮವನ್ನು ಬಿಡಬೇಡಿ.

ಮೊದಲು ಕೋಣೆ ಖಾಲಿಯಾಗಲಿ. ಮಕ್ಕಳು, ಬಸುರಿಯರು, ವಯಸ್ಸಾದವರು ಆ ದಿನಗಳಲ್ಲಿ ನೆಂಟರ ಮನೆಯಲ್ಲಿರಲಿ. ಫ್ಯಾನ್ ಆರಿಸಿ, ಆ ಕೋಣೆಯ ಕರೆಂಟು ತೆಗೆದು, ಬಾಗಿಲು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿ. ಮಳೆಗಾಲದಲ್ಲಿ ಜಗಲಿಗೆ ಕಟ್ಟುವ ಪ್ಲಾಸ್ಟಿಕ್ ಆದೀತು, ಆದರೆ ಕೆಲಸ ಮುಗಿದ ಮೇಲೆ ಅದೂ ಕಸವೇ. ತೊಳೆದು ಒಣಗಿಸಿ ಮುಂದಿನ ವರ್ಷ ಅಡಿಕೆ ಹರವಲು ತೆಗೆದಿಡುವ ಆಸೆ ನಮ್ಮವರಿಗೆ ಖಂಡಿತ ಬರುತ್ತದೆ. ಕೂಡದು.

ಮುಖಕ್ಕೆ ಟವೆಲ್ ಸುತ್ತಿಕೊಳ್ಳುವುದು ಧೂಳಿಗೆ ಮರ್ಯಾದೆ ಕೊಟ್ಟಂತಾಯಿತೇ ಹೊರತು ತಡೆದಂತಲ್ಲ. ಕಲ್ನಾರಿನ ಕೆಲಸಕ್ಕೆ ಎನ್95 ಕೂಡ ಸಾಲದು. ಪಿ100 ಅಥವಾ ಪಿ3 ಫಿಲ್ಟರ್ ಇರುವ ಅರ್ಧಮುಖದ ರಬ್ಬರ್ ಮಾಸ್ಕ್ ಬೇಕು. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕಚ್ಚಿ ಕೂರುವುದಿಲ್ಲ. ಬಜೆಟ್ಟಿನಲ್ಲಿ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಇಲ್ಲಿ ಬೇಡ; ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದೊಂದು ಕೊಡಿಸಿ. ದಿನಗೂಲಿಯವರು ಕೇಳುವುದಿಲ್ಲ ಎಂದ ಮಾತ್ರಕ್ಕೆ ಅವರ ಶ್ವಾಸಕೋಶ ನಮ್ಮದಕ್ಕಿಂತ ಗಟ್ಟಿಯಲ್ಲ.

ಐದು ಲೀಟರ್ ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಕೈಪಂಪಿನಿಂದ ಮಂಜಿನಂತೆ ಸಿಂಪಡಿಸಿ. ತೋಟಕ್ಕೆ ಬೋರ್ಡೋ ಹೊಡೆಯುವ ದೊಡ್ಡ ಪಂಪು ತರಬೇಡಿ, ಅದರ ರಭಸಕ್ಕೆ ಪುಡಿ ಹಾರುತ್ತದೆ. ನೀರು ಸಂದಿಗೆ ಇಳಿಯಲು ಸಮಯ ಕೊಟ್ಟು, ಅಗಲ ಬಾಯಿಯ ಪಟ್ಟಿಯನ್ನು ಬಿಲ್ಲೆಯ ಅಡಿಗೆ ತೂರಿಸಿ ಮೆಲ್ಲನೆ ಎಬ್ಬಿಸಿ. ಬಿಲ್ಲೆ ಇಡಿಯಾಗಿ ಬರಬೇಕು, ಅದೇ ಗುರಿ. ಅಂಟು ಬಿಗಿಯಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಗೋಣಿ ಹಾಕಿ ಸ್ವಲ್ಪ ಹೊತ್ತು ಬಿಡಿ, ಸುತ್ತಿಗೆಗೆ ಕೈ ಹಾಕಬೇಡಿ. ಎದ್ದ ಜಾಗವನ್ನು ಮತ್ತೆ ಒದ್ದೆ ಮಾಡುತ್ತಿರಿ. ಕಪ್ಪು ಅಂಟನ್ನು ಕೆರೆಯುವ ಗೋಜಿಗೆ ಹೋಗಬೇಡಿ. ಅದು ಅಲ್ಲಿಯೇ ಇರಲಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮತ್ತು ಕಾಂಕ್ರೀಟು ಬರಲಿ.

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಅಡಿ ಚೌಕದ 120 ಬಿಲ್ಲೆಗಳಿರುತ್ತವೆ. ಎರಡು ಮಿಲಿಮೀಟರ್ ದಪ್ಪದವಾದರೆ ಒಟ್ಟು ತೂಕ ಸುಮಾರು 45 ಕಿಲೊ. ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದರೆ ಚೂಪು ಅಂಚಿಗೆ ಚೀಲ ಹರಿಯುತ್ತದೆ. ಹತ್ತು ಕಿಲೊಗಿಂತ ಹೆಚ್ಚು ತುಂಬದೆ, ಎರಡು ಪದರದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, "ಆಸ್ಬೆಸ್ಟಾಸ್ ಇದೆ, ಬಿಚ್ಚಬೇಡಿ" ಎಂದು ದೊಡ್ಡದಾಗಿ ಬರೆಯಿರಿ. ಕೊನೆಗೆ ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಪೊರಕೆಯೂ ಮನೆಯ ವ್ಯಾಕ್ಯೂಮ್ ಕ್ಲೀನರೂ ದೂರವಿರಲಿ. ಉಟ್ಟ ಬಟ್ಟೆ ಹಳೆಯದಾಗಿದ್ದರೆ ಅದನ್ನೂ ಒದ್ದೆ ಮಾಡಿ ಅದೇ ಚೀಲಕ್ಕೆ ಹಾಕಿ, ಮಾಸ್ಕನ್ನು ಎಲ್ಲಕ್ಕಿಂತ ಕೊನೆಗೆ ತೆಗೆದು ಸ್ನಾನ ಮಾಡಿ.

ಕೆಂಪು ನೆಲ, ಮೊಸಾಯಿಕ್

ಕೆಂಪು ನೆಲದ ಬಣ್ಣ ಕಬ್ಬಿಣದ ಆಕ್ಸೈಡ್, ಅದು ವಿಷವಲ್ಲ. ತೊಂದರೆ ಅದರ ಸಿಮೆಂಟು, ಮರಳಿನದು. ಗ್ರೈಂಡರಿನಿಂದ ಒಣಗಿದ್ದಾಗಲೇ ಉಜ್ಜಿದರೆ ಅಥವಾ ಬ್ರೇಕರ್ ಹಾಕಿ ಒಡೆದರೆ ಸಿಲಿಕಾದ ನುಣ್ಣನೆಯ ಧೂಳು ಏಳುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಗುಣಪಡಿಸುವ ಔಷಧ ಇಲ್ಲ. ಒಡೆಯಲೇಬೇಕಿದ್ದರೆ ಹಿಂದಿನ ರಾತ್ರಿಯೇ ನೀರು ಹಾಯಿಸಿ, ಉಳಿ ಸುತ್ತಿಗೆಯಿಂದ ತುಂಡು ತುಂಡಾಗಿ ಎಬ್ಬಿಸಿ. ಇಲ್ಲಿ ಎನ್95 ನಡೆಯುತ್ತದೆ. ನೀರು ಹಾಕಿ ಗ್ರೈಂಡರ್ ಓಡಿಸುವವರು ಹಳೆಯ ವೈರಿಂಗನ್ನು ಮರೆಯಬಾರದು. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ಒದ್ದೆ ನೆಲ ಮತ್ತು ಕೈಯಲ್ಲಿ ಗ್ರೈಂಡರ್ ಎಂದರೆ ಧೂಳಿಗಿಂತ ಮೊದಲು ಶಾಕ್ ಹೊಡೆಯುತ್ತದೆ.

ನನ್ನನ್ನು ಕೇಳಿದರೆ ಚೆನ್ನಾಗಿರುವ ಕೆಂಪು ನೆಲವನ್ನು ಒಡೆಯುವುದು ಶುದ್ಧ ಅವಿವೇಕ. ಅಂಥ ನುಣುಪು ತರುವ ಕೈಗಳು ಈಗ ಎಷ್ಟು ಉಳಿದಿವೆ? ಬಿರುಕಿಗೆ ಸಿಮೆಂಟು, ಆಕ್ಸೈಡ್ ಬೆರೆಸಿ ತುಂಬಿಸಿ, ಉಳಿದ ದುಡ್ಡನ್ನು ಸೂರಿಗೆ ಹಾಕಿ. ಅದರ ಮೇಲೆಯೇ ಟೈಲ್ಸ್ ಹಾಕುವುದಾದರೆ ಕೋಲಿನಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬರುವ ಭಾಗವನ್ನು ಮಾತ್ರ ತೆಗೆಯಿರಿ. ವರ್ಷಗಟ್ಟಲೆ ಎಣ್ಣೆ, ಮೇಣ ಕುಡಿದ ನೆಲವನ್ನು ವಾಷಿಂಗ್ ಸೋಡಾ ನೀರಿನಿಂದ ಉಜ್ಜಿ ತೊಳೆಯದಿದ್ದರೆ ಟೈಲ್ಸ್ ಅಂಟು ಹಿಡಿಯುವುದಿಲ್ಲ.

ಉಪ್ಪರಿಗೆಯ ಹಲಗೆ ಮತ್ತು ಅದರ ಮೇಲಿನ ಮಣ್ಣು

ಮಲೆನಾಡಿನ ಹಳೆಯ ಮನೆಗಳಲ್ಲಿ ಕ್ಯಾನ್ಸರಿಗಿಂತ ಮೊದಲು ಹೆದರಬೇಕಾದದ್ದು ಇದಕ್ಕೆ. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣಿನ ಹಾಸು, ಅದೇ ಮುಚ್ಚಿಗೆ. ಬೇಸಿಗೆಗೆ ತಂಪು, ಬೆಂಕಿಗೆ ತಡೆ. ಆದರೆ ಹೆಂಚು ಜಾರಿದ ಕಡೆ ಸೋರಿದ ನೀರನ್ನು ಆ ಮಣ್ಣು ಹೀರಿ ಹಿಡಿದಿಡುತ್ತದೆ, ಗೆದ್ದಲು ಅಲ್ಲಿಂದ ಮರಕ್ಕೆ ಇಳಿಯುತ್ತದೆ. ತೊಲೆ ಕೊಳೆಯುವುದು ನಡುವಿನಲ್ಲಿ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಕೆಳಗಿನಿಂದ ನೋಡಿದರೆ ಬಣ್ಣ ಹೊಡೆದ ತೊಲೆ ದಷ್ಟಪುಷ್ಟವಾಗಿಯೇ ಕಾಣುತ್ತದೆ. ತೊಲೆ ಗೋಡೆಗೆ ಹೊಗುವ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿಲಿಮೀಟರಿಗೆ ನಿಲ್ಲುತ್ತದೆ. ಸರಾಗವಾಗಿ ಒಳಹೋದರೆ, ಒಳಗಿನಿಂದ ಕಂದು ಪುಡಿ ಉದುರಿದರೆ ಮೇಲೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ.

ಮೊದಲು ಕೆಳಗಿನಿಂದ ಆಸರೆ. ಬಾಡಿಗೆಯ ಕಬ್ಬಿಣದ ಜಾಕಿ ಅಥವಾ ಗಟ್ಟಿ ಕಂಬಗಳನ್ನು ತೊಲೆಗೆ ಕೊಟ್ಟ ಮೇಲೆಯೇ ಮಣ್ಣು ತೆಗೆಯುವ ಮಾತು. ಹತ್ತಕ್ಕೆ ಹತ್ತು ಅಡಿಯ ಕೋಣೆಯ ಮೇಲೆ ಮೂರು ಅಂಗುಲ ಮಣ್ಣಿದ್ದರೆ ಅದರ ತೂಕ ಒಂದು ಟನ್ನು ಮೀರುತ್ತದೆ. ಅದನ್ನು ಗುಡ್ಡೆ ಹಾಕಿದಿರೋ, ಗುಡ್ಡೆಯ ಜೊತೆಗೆ ನೀವೂ ನಡುಮನೆಗೆ ಇಳಿಯುತ್ತೀರಿ. ತೊಲೆಯ ನೇರಕ್ಕೆ ಅಡ್ಡಹಲಗೆ ಹಾಕಿ ಅದರ ಮೇಲೆ ನಿಂತು, ಬುಟ್ಟಿ ಬುಟ್ಟಿಯಾಗಿ ಇಳಿಸಿ.

ಆ ಮಣ್ಣಿನಲ್ಲಿ ಇಲಿ, ಬಾವಲಿಗಳ ಹಿಕ್ಕೆ ಇದ್ದೇ ಇರುತ್ತದೆ. ಇಲಿ ಜ್ವರ ನಮಗೆ ಹೊಸದಲ್ಲ. ಇಲಿಯ ಮೂತ್ರ ತಾಗಿದ ಒದ್ದೆ ಮಣ್ಣು ಕೈಕಾಲಿನ ಗಾಯಕ್ಕೆ ಸೋಕಿದರೆ ಸಾಕು. ಗಮ್‌ಬೂಟು, ರಬ್ಬರ್ ಗವಸು ಹಾಕಿಕೊಳ್ಳಿ. ಲೀಟರ್ ನೀರಿಗೆ 15ರಿಂದ 20 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಿಕ್ಕೆಯ ಮೇಲೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಬಾಚಿ ತೆಗೆಯಿರಿ. ಆ ನೀರಿಗೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಲಗೆಯ ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಅದು ಹಿಂದೆ ಗೆದ್ದಲಿಗೆ ಉದುರಿಸಿದ ಬಿಎಚ್‌ಸಿಯಂಥ ಕೀಟನಾಶಕವಿರಬಹುದು. ಆ ಮಣ್ಣು ತೋಟಕ್ಕೂ ಬೇಡ, ಬಾವಿಯ ಹತ್ತಿರವೂ ಬೇಡ.

ಮರಕ್ಕೆ ಬಳಿದ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ, ಬೆಂಕಿ ಹಿಡಿದು ಸುಲಿಯಬೇಡಿ.

ಹೊಸದು ಹಾಸುವ ಮೊದಲು ತೇವ ಪರೀಕ್ಷೆ

ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನೆಲಕ್ಕೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಒಂದು ಇಡೀ ದಿನ ಬಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ನೆಲದಿಂದ ತೇವ ಏಳುತ್ತಿದೆ ಎಂದರ್ಥ. ಅಂಥ ಕಡೆ ಮ್ಯಾಟ್ ಹಾಸಿದರೆ ಆಗುಂಬೆಯ ಮಳೆಗಾಲದಲ್ಲಿ ಅದರ ಅಡಿಯಲ್ಲಿ ಬೂಷ್ಟು ಬೆಳೆದು, ಆಸ್ತಮಾ ಇದ್ದವರು ರಾತ್ರಿಯಿಡೀ ಕೂತಿರಬೇಕಾಗುತ್ತದೆ. ಮೊದಲು ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟಿಸಿ, ಹಿಂದಿನ ಧರೆಯಿಂದ ಇಳಿಯುವ ನೀರಿಗೆ ಕಾಲುವೆ ತೆಗೆಸಿ.

ಕಿತ್ತದ್ದನ್ನು ಎಲ್ಲಿ ಹಾಕುವುದು

ಬಚ್ಚಲ ಒಲೆಗೆ ಹಾಕುವುದಂತೂ ಬೇಡ. ಮಲೆನಾಡಿನಲ್ಲಿ ಹಳೆಯ ಹಲಗೆ ಎಂದರೆ ಹಂಡೆ ಕಾಯಿಸುವ ಸೌದೆ, ಬೂದಿ ಎಂದರೆ ತರಕಾರಿ ಮಡಿಯ ಗೊಬ್ಬರ. ಬಣ್ಣ ಬಳಿದ ಹಲಗೆ ಸುಟ್ಟರೆ ಸೀಸ ಆ ಬೂದಿಯೊಂದಿಗೆ ಬಸಳೆಯ ಬುಡಕ್ಕೆ ಹೋಗುತ್ತದೆ. ವಿನೈಲ್ ಸುಟ್ಟರೆ ಬರುವುದು ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್ ಎಂಬ ವಿಷಗಳು. ಬಣ್ಣವಿಲ್ಲದ ಗಟ್ಟಿ ಹಲಗೆಯನ್ನು ಮಾತ್ರ ಮರುಬಳಕೆ ಮಾಡಿ. ಬೀಟೆ, ಸಾಗುವಾನಿಯಾದರೆ ಊರಿಂದೂರಿಗೆ ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಕೆಂಪು ನೆಲ, ಮೊಸಾಯಿಕ್ ಚೂರು ತಗ್ಗು ತುಂಬಿಸಲು, ಅಂಗಳದ ತಳಕ್ಕೆ ಆಗುತ್ತದೆ. ಕೀಟನಾಶಕ ಬೆರೆತ ಮಣ್ಣನ್ನು, ಬಣ್ಣದ ಸಿಪ್ಪೆಯನ್ನು ಬೇರೆ ಚೀಲಗಳಲ್ಲಿ ಕಟ್ಟಿ. ಕಲ್ನಾರಿನ ಚೀಲಗಳನ್ನು ಇವು ಯಾವುದರೊಂದಿಗೂ ಬೆರೆಸದೆ, ಮಳೆ ತಾಗದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಶಿವಮೊಗ್ಗದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ತಿಳಿಸಿ. ಅಪಾಯಕಾರಿ ತ್ಯಾಜ್ಯವನ್ನು ಹೂಳುವ ಘಟಕ ಇರುವುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ. ಒಂದು ಕೋಣೆಯ ಐದಾರು ಚೀಲಗಳಿಗೆ ಅಷ್ಟು ದೂರದ ಸಾಗಣೆ ದುಬಾರಿ ಎನಿಸುತ್ತದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮೊದಲ ಬಿಲ್ಲೆ ಎಬ್ಬಿಸಿ. ಎಷ್ಟೋ ಜನ ಈ ಒಂದು ಲೆಕ್ಕ ಹಾಕಿಯೇ ಮುಚ್ಚುವ ದಾರಿಗೆ ಮರಳುತ್ತಾರೆ, ಅದು ತಪ್ಪೂ ಅಲ್ಲ. ಮುಚ್ಚಿದವರು ಆರಂಭದಲ್ಲಿ ಬರೆದ ನಕ್ಷೆಯಲ್ಲಿ ಯಾವ ಕೋಣೆಯ ಅಡಿಯಲ್ಲಿ ಏನಿದೆ ಎಂದು ಬರೆದು, ಪ್ರಯೋಗಾಲಯದ ವರದಿಯೊಂದಿಗೆ ಮನೆಯ ಖಾತೆ ಪತ್ರಗಳ ಕಡತದಲ್ಲಿಡಿ. ಒಂದು ಪ್ರತಿ ಮೀಟರ್ ಬೋರ್ಡಿನ ಪೆಟ್ಟಿಗೆಯೊಳಗೂ ಇರಲಿ. ಮುಂದೆ ಪೈಪು ಹಾಕಲು ನೆಲ ಕೊರೆಯುವವನು ಮೊದಲು ತೆರೆಯುವುದು ಅದನ್ನೇ.